ಮೇಲೆ ಶೀಟ್ ಇದೆ ಅಂತ ನಂಬಿ ಬೆಕ್ಕಿಗೆ ಗೂಡು ಕಟ್ಟಬೇಡಿ

ಹಿತ್ತಲಲ್ಲಿ ಶೀಟ್ ಹಾಕಿದ ಜಾಗ ಇದೆ, ಮೂರು ಕಡೆ ಚಿಕನ್ ಮೆಶ್ ಬಿಗಿದರೆ ಸಾಕಾ, ಇಲ್ಲ ಪಾರಿವಾಳದ ನೆಟ್ ಸಾಕಾ, ನಾವು ಆಫೀಸಿಂದ ಬರೋ ತನಕ ಬೆಕ್ಕುಗಳು ಅಲ್ಲೇ ಇರಲಿ ಅಂತ ಕೇಳಿದ್ದೀರಿ. ನಾನೂ ಹೀಗೇ ಯೋಚನೆ ಮಾಡಿದವಳು. ಯಾವ ಮೆಶ್ ಅಂತ ಅಂಗಡಿ ಅಂಗಡಿ ಅಲೆದೆ. ತಲೆ ಎತ್ತಿ ಮೇಲೆ ಮಾತ್ರ ನೋಡಲಿಲ್ಲ.

ನಮ್ಮದು ಶಿವಮೊಗ್ಗ. ಮನೆ ಹಿಂದೆ ಒಗೆಯೋ ಕಲ್ಲು ಇರೋ ಕಡೆ ತಗಡಿನ ಶೀಟ್ ಹಾಕಿಸಿದ್ದೆವು. ಕೆಂಚ, ಬೆಳ್ಳಿ ಅಂತ ಎರಡು ಬೆಕ್ಕು. ವೆಲ್ಡರ್ ಬಂದು ಅಳತೆ ತಗೊಂಡ. ಗಟ್ಟಿ ವೆಲ್ಡ್ ಮೆಶ್, ಒಳ್ಳೆ ಫ್ರೇಮು, ಬಾಗಿಲು, ಚಿಲಕ, ಎಲ್ಲಾ ಚೆನ್ನಾಗೇ ಮಾಡಿದ. ಕೊನೆಗೆ ಏಣಿ ಮೇಲಿಂದ ಕೇಳಿದ: "ಅಕ್ಕಾ, ಮೇಲೆ ಸ್ವಲ್ಪ ಸಂದಿ ಉಳಿಯುತ್ತೆ. ಗಾಳಿ ಆಡಲಿ, ಹಾಗೇ ಬಿಡ್ಲಾ?" ಬಿಡು ಅಂದೆ. ಆ ಒಂದು ಮಾತಿಗೆ ನಾನು ತೆತ್ತಿದ್ದು ಅಷ್ಟಿಷ್ಟಲ್ಲ.

ಆ ಸಂದಿ ಎಲ್ಲಿಂದ ಬರುತ್ತೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮಲ್ಲೂ ಇದ್ದೇ ಇರುತ್ತೆ. ಶೀಟ್ ನೇರವಾಗಿ ಇಳಿಜಾರಿನ ಪೈಪ್ ಮೇಲೆ ಕೂತಿರೋದಿಲ್ಲ. ಆ ಪೈಪ್ ಮೇಲೆ ಅಡ್ಡ ಪೈಪ್‌ಗಳು, ಅವುಗಳ ಮೇಲೆ ಶೀಟ್. ನೀವು ಪಕ್ಕದ ಮೆಶ್‌ನ ಇಳಿಜಾರಿನ ಪೈಪ್ ತನಕ ಮಾತ್ರ ಏರಿಸಿದರೆ, ಎರಡು ಅಡ್ಡ ಪೈಪ್‌ಗಳ ನಡುವೆ ಪೈಪ್ ಎಷ್ಟು ಎತ್ತರವೋ ಅಷ್ಟು ಕಂಡಿ ಖಾಲಿ ಉಳಿಯುತ್ತೆ. ನಮ್ಮಲ್ಲಿ ಮೂರು ಇಂಚು. ಕೆಳಗೆ ನಿಂತು ನೋಡಿದರೆ ಅದೊಂದು ಬೆಳಕಿನ ಗೆರೆ ಅಷ್ಟೇ, ಕಂಡಿ ಅಂತ ಅನ್ನಿಸೋದೇ ಇಲ್ಲ. ಅದರ ಜೊತೆಗೆ ಶೀಟಿನ ಏರು ತಗ್ಗು ಬೇರೆ. ಗೋಡೆ ಕಡೆಗೂ ಒಂದು ಸಂದಿ.

ಬೆಕ್ಕಿಗೆ ಮೂರು ಇಂಚು ಧಾರಾಳ ಆಯ್ತು. ಅದರ ಕಾಲರ್ ಬೋನ್ ನಮ್ಮದರ ಹಾಗೆ ಬೇರೆ ಎಲುಬಿಗೆ ಕೂಡಿಕೊಂಡಿರೋದಿಲ್ಲ, ಹಾಗಾಗಿ ತಲೆ ತೂರಿತು ಅಂದ್ರೆ ಭುಜವೂ ಹಿಂದೆಯೇ ತೂರುತ್ತೆ. ಮೇಲಕ್ಕೆ ಹತ್ತೋದು ಹೇಗೆ ಅಂತೀರಾ? ಮೆಶ್ಶೇ ಏಣಿ! ದುಡ್ಡು ಕೊಟ್ಟು ನಾವೇ ಇಟ್ಟುಕೊಟ್ಟಿದ್ದು.

ಕೆಂಚ ಒಂದು ರಾತ್ರಿ ಹಾಗೇ ಹೋದ. ಶೀಟ್ ಮೇಲೆ ದಡಬಡ ಸದ್ದು ಕೇಳಿ ಎದ್ದು ಬಂದೆ. ಅವನು ಹೋದ ದಾರಿಯಲ್ಲೇ ಬೀದಿಯ ಗಂಡು ಬೆಕ್ಕೊಂದು ಒಳಗೆ ಇಳಿದಿತ್ತು. ಬೆಳ್ಳಿ ಒಗೆಯೋ ಕಲ್ಲಿನ ಹಿಂದೆ ಮುದುಡಿ ಕೂತಿದ್ದಳು. ಚಿಲಕ ಹಾಕಿದ ಗೂಡಿನಲ್ಲಿ ಅವಳು ಓಡಬೇಕಾದರೂ ಎಲ್ಲಿಗೆ ಓಡಬೇಕು? ಹೊರಗೆ ಬಿಟ್ಟಿದ್ದರೇ ಅವಳಿಗೆ ವಾಸಿ ಇತ್ತು. ಕೆಂಚ ಕೆಲವು ದಿನ ಬಿಟ್ಟು ಬಂದ. ಬಾಲದ ಬುಡದಲ್ಲಿ ಕಚ್ಚಿಸಿಕೊಂಡಿದ್ದ. ಮೇಲೆ ನೋಡಿದರೆ ಸಾಸಿವೆಯಷ್ಟು ತೂತು, ಒಳಗೆಲ್ಲಾ ಕೀವು. ಬೆಕ್ಕಿನ ಕಡಿತ ಹಾಗೇ, ಚರ್ಮ ಬೇಗ ಮುಚ್ಚಿಕೊಂಡು ಒಳಗೆ ಕೀವು ತುಂಬುತ್ತೆ. ಡಾಕ್ಟರು ಕೊಯ್ದು ಕೀವು ತೆಗೆದರು. ಆಂಟಿಬಯೋಟಿಕ್, ಕುತ್ತಿಗೆಗೆ ಕೋನು, ಮನೆಯವರ ಮುಂದೆ ನನಗೆ ಮಂಗಳಾರತಿ. (ಅವನಿಗೆ ಆಗ ಸಂತಾನಹರಣದ ಆಪರೇಷನ್ ಮಾಡಿಸಿರಲಿಲ್ಲ. ನೀವು ಗೂಡಿಗೆ ಮುಂಚೆ ಅದನ್ನ ಮಾಡಿಸಿ, ರೇಬೀಸ್ ಲಸಿಕೆಯನ್ನೂ ಹಾಕಿಸಿ.)

ಆಮೇಲೆ ತಲೆ ಚಚ್ಚಿಕೊಂಡೆ. ಮೆಶ್ ಅಂದ್ರೇನೇ ತೂತು. ಮೂರು ಕಡೆ ಗಾಳಿ ಬರ್ತಾ ಇರುವಾಗ ಮೇಲೆ ಗಾಳಿಗೆ ಅಂತ ಸಂದಿ ಯಾಕೆ ಬೇಕಿತ್ತು?

ಅದೇ ವೆಲ್ಡರ್‌ನ ಕರೆಸಿ ಉಳಿದ ಮೆಶ್‌ನಲ್ಲಿ ಪಟ್ಟಿ ಕತ್ತರಿಸಿ, ಅಡ್ಡ ಪೈಪ್‌ಗಳ ನಡುವೆ ಕೂರಿಸಿ, ಪೈಪ್‌ಗೇ ಬಿಗಿಸಿದೆ. ಶೀಟಿಗೆ ಕೆಳಗಿಂದ ಸ್ಕ್ರೂ ಹೊಡೀತೀನಿ ಅಂದ. ಬೇಡ ಅಂದೆ. ಶೀಟಿಗೆ ತೂತು ಬಿದ್ದರೆ ಜುಲೈನಲ್ಲಿ ಅಲ್ಲಿಂದಲೇ ಸೋರುತ್ತೆ.

ಈಗ ನಿಮ್ಮ ಪ್ರಶ್ನೆ. ಚಿಕನ್ ಮೆಶ್ಶೂ ಬೇಡ, ನೆಟ್ಟೂ ಬೇಡ. ನೈಲಾನ್ ನೆಟ್‌ನ ಬೆಕ್ಕು ಕಡಿದು ಹಾಕುತ್ತೆ. ಚಿಕನ್ ಮೆಶ್ ಕೋಳಿ ಹೊರಗೆ ಹೋಗದ ಹಾಗೆ ತಡೆಯೋಕೆ ಸರಿ, ಬೀದಿನಾಯಿ ಮೈ ಕೊಟ್ಟು ತಳ್ಳಿದರೆ ಜಗ್ಗಿಬಿಡುತ್ತೆ. ಒಂದು ಇಂಚು ಕಣ್ಣಿನ ಜಿಐ (ಸತುವಿನ ಲೇಪ ಇರೋ) ವೆಲ್ಡ್ ಮೆಶ್ ತಗೊಳ್ಳಿ, ತಂತಿ ದಪ್ಪ 14 ಗೇಜ್ ಸಾಕು. ಹಾವಿನ ಭಯ ಇದ್ದರೆ ಕೆಳಗಿನ ಎರಡು ಅಡಿಗೆ ಇನ್ನೂ ಸಣ್ಣ ಕಣ್ಣಿನದು ಸೇರಿಸಿ.

"ಹಗಲೆಲ್ಲಾ ಅಲ್ಲೇ ಇರಲಿ" ಅನ್ನೋದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟ್ ಕೆಳಗೆ ನೀವೇ ಅರ್ಧ ಗಂಟೆ ಕೂತು ನೋಡಿ. ಬೆಕ್ಕು ಬಾಯಿ ತೆರೆದು ಏದುಸಿರು ಬಿಡೋ ಹೊತ್ತಿಗೆ ಪರಿಸ್ಥಿತಿ ಕೈ ಮೀರ್ತಾ ಇರುತ್ತೆ, ನೀವು ಆಫೀಸಿನಲ್ಲಿ ಇರ್ತೀರಿ. ಮಳೆಗಾಲದಲ್ಲಿ ಎರಚಲು ಹೊಡೆದು ನೆಲ ಎಲ್ಲಾ ಒದ್ದೆ. ಗೂಡು ಮನೆಗೆ ಅಂಟಿಕೊಂಡೇ ಇರಬೇಕು. ನಾವು ಅಡುಗೆಮನೆ ಕಿಟಕಿಯ ಕೆಳಗಿನ ಮೂಲೆಯಲ್ಲಿ ಬೆಕ್ಕು ತೂರುವಷ್ಟು ಗ್ರಿಲ್ ಕತ್ತರಿಸಿ, ಒಳಗಿಂದ ಹಾಕೋ ಸಣ್ಣ ಬಾಗಿಲು ಇಡಿಸಿದೆವು. ಬೇಕಾದಾಗ ಬರ್ತವೆ, ಬೇಕಾದಾಗ ಹೋಗ್ತವೆ. ಅದು ಆಗಲ್ಲ ಅಂದ್ರೆ ಗೂಡು ಕಟ್ಟಲೇಬೇಡಿ, ಮನೆಯೊಳಗೇ ಇರಲಿ ಬಿಡಿ.

ಇನ್ನೊಂದು. ಅಲ್ಲಿ ಫಿನಾಯಿಲ್ ಹಾಕಿ ಒರೆಸೋ ಅಭ್ಯಾಸ ಇದ್ದರೆ ನಿಲ್ಲಿಸಿ. ಬೆಕ್ಕು ಒದ್ದೆ ನೆಲ ತುಳಿದು ಪಾದ ನೆಕ್ಕುತ್ತೆ, ಆ ವಿಷ ಕಳೆಯೋ ಶಕ್ತಿ ಅದರ ಲಿವರ್‌ಗೆ ಕಡಿಮೆ. ಸೋಪಿನ ನೀರು ಹಾಕಿ ತೊಳೆದರೆ ಆಯ್ತು.

ನಿಮ್ಮದು ತಗಡೋ ಸಿಮೆಂಟ್ ಶೀಟೋ ಬರೆದಿಲ್ಲ. ಏಣಿ ಹತ್ತಿ ಶೀಟ್ ಮತ್ತು ಪೈಪ್ ನಡುವೆ ಕೈ ತೂರಿಸಿ, ಗೋಡೆ ಮೂಲೆಯ ಫೋಟೊ ತೆಗೆದು ಹಾಕಿ. ಎಲ್ಲಿ ಪಟ್ಟಿ ಬರಬೇಕು ಅಂತ ಹೇಳ್ತೀನಿ, ವೆಲ್ಡರ್‌ನ ಆಮೇಲೆ ಕರೆಸಿ.