ಅಲ್ಬುಕರ್ಕಿಯಲ್ಲಿ ಬೆಳಗಿನ ತಿಂಡಿ: ಕೆಂಪೋ, ಹಸಿರೋ?

ಕೆಲಸದ ಮೇಲೆ ಒಂದು ವಾರ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲ್ಬುಕರ್ಕಿಗೆ ಬರುತ್ತಿದ್ದೀರಿ, ಮೊಟ್ಟೆ ತಿನ್ನುತ್ತೀರಿ, ಮಾಂಸ ಮುಟ್ಟುವುದಿಲ್ಲ. ವೆಕ್ಸ್‌ನಂಥ ಇಲ್ಲಿನ ಡೈನರ್‌ಗಳಲ್ಲಿ ಬೆಳಿಗ್ಗೆ ಏನು ತಿನ್ನಬಹುದು, ಬಡಿಸುವವರು 'ರೆಡ್ ಆರ್ ಗ್ರೀನ್?' ಅಂದರೆ ಏನು ಹೇಳಬೇಕು ಅಂತ ಕೇಳಿದ್ದೀರಿ. ನಾನು ಈ ಊರಿಗೆ ಬಂದು ಏಳು ವರ್ಷವಾಯಿತು. ಹುಟ್ಟಿ ಬೆಳೆದದ್ದು ಹಾವೇರಿ ಜಿಲ್ಲೆಯಲ್ಲಿ, ಬ್ಯಾಡಗಿಯ ಹತ್ತಿರ. ಮೆಣಸಿನಕಾಯಿ ವಿಷಯ ಬಂದರೆ ಎರಡು ಸಾಲಿನಲ್ಲಿ ಮುಗಿಸಲು ನನ್ನಿಂದ ಆಗುವುದಿಲ್ಲ.

ಮೊದಲು ಆ ಪ್ರಶ್ನೆ. ಯಾವ ಚಿಲಿ ಬೇಕು ಅಂತ ಕೇಳುವುದು ಈ ಸೀಮೆಯಲ್ಲಿ ಎಷ್ಟು ಸಹಜವೆಂದರೆ, 1996ರಲ್ಲಿ ನ್ಯೂ ಮೆಕ್ಸಿಕೊದ ಶಾಸನಸಭೆ ಅದನ್ನೇ ರಾಜ್ಯದ ಅಧಿಕೃತ ಪ್ರಶ್ನೆ ಎಂದು ಘೋಷಿಸಿತು. ಇಲ್ಲಿ ಚಿಲಿ ಅಂದರೆ ಬರೀ ಕಾಯಿ ಅಲ್ಲ, ಅದರಿಂದ ಮಾಡಿದ ಗೊಜ್ಜು. ನಂಚಿಕೊಳ್ಳಲು ಪಕ್ಕದಲ್ಲಿ ಇಷ್ಟು ಇಡುವುದಿಲ್ಲ. ಮೊಟ್ಟೆ, ಆಲೂಗಡ್ಡೆ, ಬರ್ರಿಟೊ (ಚಪಾತಿಯಂಥ ರೊಟ್ಟಿಯಲ್ಲಿ ಹೂರಣ ಇಟ್ಟು ಸುತ್ತಿದ್ದು) ಎಲ್ಲದರ ಮೇಲೂ ಸೌಟುಗಟ್ಟಲೆ ಸುರಿಯುತ್ತಾರೆ. ನಮ್ಮಲ್ಲಿ ಅನ್ನದ ಮೇಲೆ ಸಾರು ಬಿದ್ದ ಹಾಗೆ. ಕೆಂಪು, ಹಸಿರು ಎರಡೂ ಒಂದೇ ಗಿಡದವು, ಹಣ್ಣಾಗುವ ಮುಂಚೆ ಕಿತ್ತರೆ ಹಸಿರು, ಹಣ್ಣಾಗಿ ಒಣಗಿದರೆ ಕೆಂಪು. ಆದರೆ ರುಚಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ.

ಹಸಿರನ್ನು ಬೆಂಕಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ಹೆಚ್ಚಿ, ಬೆಳ್ಳುಳ್ಳಿ ಜೊತೆ ಬೇಯಿಸುತ್ತಾರೆ. ಕೆಂಡದ ಮೇಲೆ ಸುಟ್ಟ ಬದನೆಕಾಯಿಯ ಗೊಜ್ಜು ತಿಂದವರಿಗೆ ಆ ಹೊಗೆಯ ವಾಸನೆ ಗೊತ್ತಿರುತ್ತದೆ. ನೀವು ಬರುವುದು ಆಗಸ್ಟ್, ಸೆಪ್ಟೆಂಬರ್ ಆದರೆ ಅಂಗಡಿಗಳ ಮುಂದೆ ಜಾಲರಿಯ ಪೀಪಾಯಿಗಳಲ್ಲಿ ಮೂಟೆಗಟ್ಟಲೆ ಕಾಯಿ ಸುಡುತ್ತಿರುತ್ತಾರೆ, ಬೀದಿಯೆಲ್ಲ ಘಮಘಮ. 2023ರಲ್ಲಿ ಆ ಪರಿಮಳಕ್ಕೂ ಅಧಿಕೃತ ಮಾನ್ಯತೆ ಸಿಕ್ಕಿತು.

ನನ್ನ ಓಟು ಮಾತ್ರ ಕೆಂಪಿಗೆ. ಒಣಮೆಣಸಿನಕಾಯಿ ನೆನೆಸಿ, ಬೆಳ್ಳುಳ್ಳಿ ಹಾಕಿ ರುಬ್ಬಿ ಕುದಿಸಿದ ಗೊಜ್ಜು ಅದು, ಟೊಮೇಟೊ ಇಲ್ಲ. ಮೊದಲ ತುತ್ತಿಗೇ ಅವ್ವ ಮಾಡುತ್ತಿದ್ದ ರಂಜಕ ನೆನಪಾಗಿ ಕಣ್ಣು ತುಂಬಿತ್ತು, ಖಾರಕ್ಕಲ್ಲ. ಬ್ಯಾಡಗಿ ಕಾಯಿಯಂತೆಯೇ ಬಣ್ಣ ಗಾಢ, ಖಾರ ಹದ, ಹಿಂದೆ ಒಂದು ಸಣ್ಣ ಸಿಹಿ. ಮೆಣಸಿನಕಾಯಿ ನಮ್ಮ ನೆಲಕ್ಕೆ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದೇ ಅಮೆರಿಕ ಖಂಡದಿಂದ ಅಲ್ಲವೇ? ಬ್ಯಾಡಗಿ ಕಾಯಿಗೂ ಇದಕ್ಕೂ ಮೂಲ ಒಂದೇ.

ಖಾರ ಎಷ್ಟು ಅಂತ ಇಷ್ಟೇ ಎಂದು ಹೇಳಲು ಬರುವುದಿಲ್ಲ. ಕಾಯಿಯ ತಳಿ, ಆ ವರ್ಷದ ಬಿಸಿಲು ನೀರು ನೋಡಿಕೊಂಡು ಬದಲಾಗುತ್ತದೆ. ಹಸಿರೇ ಹೆಚ್ಚು ಖಾರ ಇರುವ ದಿನಗಳೂ ಉಂಟು. 'ಇವತ್ತು ಯಾವುದು ಜಾಸ್ತಿ ಖಾರ?' ಅಂತ ಬಡಿಸುವವರನ್ನೇ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಎರಡೂ ನೋಡಬೇಕೆನಿಸಿದರೆ 'ಕ್ರಿಸ್‌ಮಸ್' ಅನ್ನಿ, ಅರ್ಧರ್ಧ ಬರುತ್ತದೆ. ಮೊದಲ ದಿನ ನೀವು ಹೀಗೆ ಮಾಡುವುದೇ ಒಳ್ಳೆಯದು.

ಇನ್ನು ನಿಮಗೆ ನಿಜವಾಗಿ ಬೇಕಾದ ಮಾತು. ಬಂದ ಹೊಸದರಲ್ಲಿ ಒಂದು ಹೋಟೆಲಿನಲ್ಲಿ ಬರ್ರಿಟೊ ಸಸ್ಯಾಹಾರವೇ ಅಂತ ಕೇಳಿದೆ, ಹೌದು ಅಂದರು. ಒಳಗೆ ಮೊಟ್ಟೆ, ಆಲೂಗಡ್ಡೆ ಅಷ್ಟೇ ಇತ್ತು ನಿಜ. ಮೇಲೆ ಸುರಿದ ಹಸಿರು ಚಿಲಿಯಲ್ಲಿ ಹಂದಿಮಾಂಸದ ಚೂರುಗಳಿದ್ದವು. ಅವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ್ದೇ ಸಾಲದಾಗಿತ್ತು. ಆದ್ದರಿಂದ ಚಿಲಿಯ ಬಗ್ಗೆ ಬೇರೆಯಾಗಿಯೇ ಕೇಳಿ: ಕೆಂಪಿನಲ್ಲಿ ಮಾಂಸ ಇದೆಯಾ, ಹಸಿರಿನಲ್ಲಿ ಇದೆಯಾ, ಕೋಳಿ ಬೇಯಿಸಿದ ನೀರು ಹಾಕಿದ್ದೀರಾ. ರಾಜ್ಮಾದಂಥ ಪಿಂಟೊ ಕಾಳು ಮತ್ತು ಟೋರ್ಟಿಯಾ ಎಂಬ ಚಪಾತಿಯಂಥ ರೊಟ್ಟಿಗಳಿಗೆ ಹಂದಿ ಕೊಬ್ಬು ಬಳಸುವವರಿದ್ದಾರೆ, ಅದನ್ನೂ ವಿಚಾರಿಸಿ. ಮಾಂಸವಿಲ್ಲದ ಚಿಲಿ ಇಟ್ಟಿರುವ ಕಡೆಗಳೂ ಇವೆ, ಕೇಳಿದರೆ ಹೇಳುತ್ತಾರೆ. ಮೆನುವಿನಲ್ಲಿ 'ಕಾರ್ನೆ ಅಡೊವಾಡಾ' ಕಂಡರೆ ಅದು ಕೆಂಪು ಚಿಲಿಯಲ್ಲಿ ಬೇಯಿಸಿದ ಹಂದಿಮಾಂಸ, ಬಿಟ್ಟುಬಿಡಿ.

ಇಷ್ಟು ಖಾತ್ರಿಯಾದ ಮೇಲೆ ಹೆದರದೆ ತಿನ್ನಿ. ತುರಿದ ಆಲೂಗಡ್ಡೆಯನ್ನು ಕೆಂಪಗೆ ಹುರಿದು, ಮೇಲೆ ಚೀಸು, ಎರಡು ಮೊಟ್ಟೆ, ಚಿಲಿ ಹಾಕಿದ ತಟ್ಟೆ ನನಗೆ ಬಹಳ ಇಷ್ಟ. ಮೊಟ್ಟೆಯ ಹಳದಿ ಒಡೆದು ಕೆಂಪು ಗೊಜ್ಜಿಗೆ ಕಲೆಸಿಕೊಂಡರೆ ಖಾರ ತಗ್ಗುತ್ತದೆ. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ, ಒಂದು ತಟ್ಟೆ ಇಬ್ಬರಿಗಾಗುತ್ತದೆ. ಸೋಪಪಿಯಾ ಸಿಕ್ಕರೆ ಒಂದು ಹೇಳಿ: ನಮ್ಮ ಪೂರಿಯ ಹಾಗೆ ಉಬ್ಬಿರುತ್ತದೆ, ಮೂಲೆ ಮುರಿದು ಒಳಗೆ ಜೇನು ಹಾಕಿಕೊಂಡು ತಿನ್ನಬೇಕು. ನಾಲಿಗೆ ಉರಿಯುತ್ತಿರುವಾಗ ನೀರು ಕುಡಿಯುವುದಕ್ಕಿಂತ ಅದೇ ಮೇಲು.