ಹೊಸ ಸ್ಟೀರಿಯೊ ಹಾಕಿದ ಮೇಲೂ ಸ್ಟೀರಿಂಗ್ ಬಟನ್‌ಗಳು ಕೆಲಸ ಮಾಡಬೇಕೆಂದರೆ ಏನು ನೋಡಬೇಕು?

ಕಂಪನಿಯ ಸ್ಟೀರಿಯೊ ತೆಗೆದು ದೊಡ್ಡ ಪರದೆಯ ಆಂಡ್ರಾಯ್ಡ್ ಸ್ಟೀರಿಯೊ ಹಾಕಬೇಕೆಂದಿದ್ದೀರಿ. ಸ್ಟೀರಿಂಗ್ ಮೇಲಿನ ಬಟನ್‌ಗಳು ಆಮೇಲೆ ಕೆಲಸ ಮಾಡುವುದಿಲ್ಲ ಎಂದು ಒಬ್ಬ ಅಂಗಡಿಯವರು ಹೇಳಿದ್ದಾರೆ, ಮಾಡಿಯೇ ಮಾಡುತ್ತವೆ ಎಂದು ಇನ್ನೊಬ್ಬರು. ಯಾರ ಮಾತು ಸರಿ ಎಂದು ಕೇಳಿದ್ದೀರಿ. ಬಟನ್‌ಗಳನ್ನು ಉಳಿಸಿಕೊಳ್ಳಲು ಹೆಚ್ಚಿನ ಕಾರುಗಳಲ್ಲಿ ದಾರಿ ಇದೆ. ಆದರೆ ಆ ದಾರಿ ಯಾವುದು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಕಾರಿನ ವೈರಿಂಗ್. ಅದನ್ನು ನೋಡದೆ ಕೊಟ್ಟ ಎರಡೂ ಉತ್ತರಗಳನ್ನು ಪಕ್ಕಕ್ಕಿಡಿ. ಸ್ಟೀರಿಯೊ ಕೊಳ್ಳುವ ಮೊದಲು, ಬಟನ್ ಒತ್ತಿದಾಗ ಹೊರಡುವ ಸಂಕೇತ ಯಾವ ಬಗೆಯದು ಎಂದು ತಿಳಿದುಕೊಳ್ಳಿ.

ಹಳೆಯ ಮತ್ತು ಸರಳ ಬಗೆಯಲ್ಲಿ ಪ್ರತಿ ಬಟನ್‌ನ ಹಿಂದೆ ಒಂದೊಂದು ರೆಸಿಸ್ಟರ್, ಅಂದರೆ ವಿದ್ಯುತ್ತಿಗೆ ತಡೆಯೊಡ್ಡುವ ಚಿಕ್ಕ ಬಿಡಿಭಾಗ, ಇರುತ್ತದೆ. ಯಾವ ಬಟನ್ ಒತ್ತಿದರೂ ಸಂಕೇತ ಹೋಗುವುದು ಒಂದೇ ವೈರ್‌ನಲ್ಲಿ, ಹೆಚ್ಚೆಂದರೆ ಎರಡರಲ್ಲಿ. ಒತ್ತಿದ ಬಟನ್‌ಗೆ ತಕ್ಕಂತೆ ಆ ವೈರ್ ಮತ್ತು ಅರ್ತ್ ನಡುವಿನ ಓಮ್ (ಆ ತಡೆಯ ಅಳತೆ) ಬದಲಾಗುತ್ತದೆ, ಸ್ಟೀರಿಯೊ ಅದರಿಂದ ಉಂಟಾಗುವ ವೋಲ್ಟೇಜ್ ನೋಡಿ ಇದು ಧ್ವನಿ ಹೆಚ್ಚಿಸುವ ಬಟನ್, ಇದು ಮುಂದಿನ ಹಾಡಿನದು ಎಂದು ಗುರುತಿಸುತ್ತದೆ. ಟೊಯೊಟಾದ ವೈರಿಂಗ್ ನಕ್ಷೆಗಳಲ್ಲಿ ಎಸ್‌ಡಬ್ಲ್ಯು 1, ಎಸ್‌ಡಬ್ಲ್ಯು 2, ಎಸ್‌ಡಬ್ಲ್ಯುಜಿ ಎಂದು ಕಾಣುವ ಮೂರು ವೈರ್‌ಗಳು ಇವೇ, ಮೂರನೆಯದು ಅರ್ತ್. ಇದನ್ನು ಪತ್ತೆ ಹಚ್ಚಲು ಸಾಧಾರಣ ಮಲ್ಟಿಮೀಟರ್ ಸಾಕು. ಇಗ್ನಿಷನ್ ಆಫ್ ಮಾಡಿ, ಹಳೆಯ ಸ್ಟೀರಿಯೊದ ಹಿಂದಿನ ಕಪ್ಲರ್ (ವೈರ್‌ಗಳನ್ನು ಸೇರಿಸುವ ಪ್ಲಗ್) ಕಳಚಿ, ನಕ್ಷೆಯಲ್ಲಿ ತೋರಿಸಿದ ವೈರ್ ಮತ್ತು ಅದರ ಅರ್ತ್‌ಗೆ ಮೀಟರ್ ಹಿಡಿದು ಓಮ್ ಅಳೆಯಿರಿ. ಇನ್ನೊಬ್ಬರು ಬಟನ್‌ಗಳನ್ನು ಒಂದೊಂದಾಗಿ ಒತ್ತಲಿ. ಪ್ರತಿ ಬಟನ್‌ಗೂ ಬೇರೆ ಅಂಕಿ ಬಂದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಆ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಎರಡನೆಯ ಬಗೆಯಲ್ಲಿ ಸ್ಟೀರಿಂಗ್‌ನಿಂದ ಸ್ಟೀರಿಯೊಗೆ ನೇರ ವೈರ್ ಇರುವುದೇ ಇಲ್ಲ. ಬಟನ್ ಒತ್ತಿದ ಸುದ್ದಿ ಕಾರಿನೊಳಗಿನ ಒಂದು ಕಂಪ್ಯೂಟರ್ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಕ್ಯಾನ್ ಬಸ್ ಎಂಬ ಜೋಡಿ ವೈರ್‌ನಲ್ಲಿ ಸಂದೇಶವಾಗಿ ಹರಿಯುತ್ತದೆ. ಬಾಷ್ ಕಂಪನಿ 1986ರಲ್ಲಿ ಜಗತ್ತಿನ ಮುಂದಿಟ್ಟ ಈ ವ್ಯವಸ್ಥೆ 1993ರಲ್ಲಿ ಐಎಸ್‌ಒ 11898 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಮಾನಕವಿದೆ ಎಂದ ಮೇಲೆ ಕಾರಿನ ಸಂಕೇತವನ್ನು ಹೊಸ ಸ್ಟೀರಿಯೊಗೆ ಅರ್ಥವಾಗುವಂತೆ ಬದಲಿಸುವ ಅಡಾಪ್ಟರ್ ಎಲ್ಲ ಕಾರಿಗೂ ಒಂದೇ ಏಕೆ ಸಾಲದು ಎಂದು ನಿಮಗೆ ಅನ್ನಿಸಬಹುದು. ಸಂದೇಶ ಹೇಗೆ ಹರಿಯಬೇಕು ಎಂಬುದನ್ನಷ್ಟೇ ಮಾನಕ ಹೇಳುತ್ತದೆ. ಯಾವ ಸಂಖ್ಯೆಯ ಸಂದೇಶಕ್ಕೆ ‘ಧ್ವನಿ ಹೆಚ್ಚಿಸು’ ಎಂಬ ಅರ್ಥ ಎನ್ನುವುದು ಆಯಾ ಕಾರು ತಯಾರಕರಿಗೆ ಬಿಟ್ಟದ್ದು. ಲಿಪಿ ಎಲ್ಲರದೂ ಒಂದೇ, ಭಾಷೆ ಮಾತ್ರ ಒಬ್ಬೊಬ್ಬರದು ಒಂದೊಂದು. ಆದ್ದರಿಂದ ‘ಎಲ್ಲ ಕಾರಿಗೂ ಹೊಂದುತ್ತದೆ’ ಎಂದು ಮುದ್ರಿಸಿದ ಅಗ್ಗದ ಡಬ್ಬಿಯನ್ನು ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ನಿಮ್ಮ ಕಾರಿನ ಮಾದರಿ, ವರ್ಷ, ಆವೃತ್ತಿ ಮೂರನ್ನೂ ಹೆಸರಿಸಿ ಮಾರುವ ಅಡಾಪ್ಟರ್ ಮಾತ್ರ ಕೊಳ್ಳಿ. ಒಂದೇ ಮಾದರಿಯಲ್ಲೂ ಕೆಳಗಿನ ಆವೃತ್ತಿಗೆ ರೆಸಿಸ್ಟರ್, ಮೇಲಿನದಕ್ಕೆ ಕ್ಯಾನ್ ಇರುವುದುಂಟು.

ಇನ್ನು ಸ್ಟೀರಿಯೊ ಕಡೆಯ ಮಾತು. ಪಯೋನಿಯರ್, ಸೋನಿಯಂಥ ಕಂಪನಿಗಳ ಸ್ಟೀರಿಯೊಗಳ ಹಿಂಭಾಗದಲ್ಲಿ ವೈರ್ ಇರುವ ರಿಮೋಟ್‌ಗೆಂದು 3.5 ಮಿಲಿಮೀಟರ್ ತೂತು ಇರುತ್ತದೆ. ಕಾರಿನ ಸಂಕೇತವನ್ನು ಆ ಕಂಪನಿಗೆ ಅರ್ಥವಾಗುವ ಸಂಕೇತಕ್ಕೆ ಬದಲಿಸಿ ಆ ತೂತಿಗೆ ಕೊಡುವುದು ಅಡಾಪ್ಟರ್‌ನ ಕೆಲಸ. ಹಾಗಾಗಿ ಅಡಾಪ್ಟರ್ ಕಾರಿಗೂ ಹೊಂದಬೇಕು, ಸ್ಟೀರಿಯೊಗೂ ಹೊಂದಬೇಕು.

ನೀವು ಹೇಳಿದ ಆಂಡ್ರಾಯ್ಡ್ ಸ್ಟೀರಿಯೊದ ದಾರಿ ಬೇರೆ. ಅದರಲ್ಲಿ ಕೀ 1, ಕೀ 2 ಎಂದು ಬರೆದ ಎರಡು ವೈರ್‌ಗಳಿರುತ್ತವೆ. ರೆಸಿಸ್ಟರ್ ಬಗೆಯ ಕಾರಾದರೆ ಅಡಾಪ್ಟರ್ ಇಲ್ಲದೆ ನೇರ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಒಂದೊಂದೇ ಬಟನ್ ಒತ್ತಿ ಕಲಿಸಬಹುದು. ಕ್ಯಾನ್ ಬಗೆಯ ಕಾರಾದರೆ ನಡುವೆ ಬಸ್‌ನ ಸಂದೇಶ ಓದಿ ಸ್ಟೀರಿಯೊಗೆ ತಿಳಿಸುವ ಕ್ಯಾನ್ ಬಾಕ್ಸ್ ಬೇಕು. ಇಲ್ಲಿ ಬಹಳ ಜನ ಎಡವುವುದು ಬಾಕ್ಸ್‌ನ ತಯಾರಕರ ವಿಷಯದಲ್ಲಿ: ಹೈವರ್ಲ್ಡ್, ಸಿಂಪಲ್‌ಸಾಫ್ಟ್ ಮೊದಲಾದವರ ಬಾಕ್ಸ್‌ಗಳು ಸ್ಟೀರಿಯೊ ಜೊತೆ ಮಾತನಾಡುವ ರೀತಿ ಬೇರೆ ಬೇರೆ. ಸ್ಟೀರಿಯೊದ ಫ್ಯಾಕ್ಟರಿ ಸೆಟ್ಟಿಂಗ್ಸ್‌ನಲ್ಲಿ ಬಾಕ್ಸ್‌ನ ತಯಾರಕ ಮತ್ತು ಕಾರಿನ ಮಾದರಿ ಎರಡನ್ನೂ ಆರಿಸಬೇಕು. ಆ ಸೆಟ್ಟಿಂಗ್ಸ್‌ಗೆ ಪಾಸ್‌ವರ್ಡ್ ಇರುತ್ತದೆ, ಕೊಳ್ಳುವಾಗಲೇ ಕೇಳಿ ಪಡೆಯಿರಿ. ಸ್ಟೀರಿಯೊ ಮತ್ತು ಬಾಕ್ಸ್ ಎರಡನ್ನೂ ಒಬ್ಬರಲ್ಲೇ ಕೊಂಡರೆ ಜಗಳ ಕಡಿಮೆ.

ಕ್ಯಾನ್ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಕೀಲಿ ತಿರುಗಿಸಿದಾಗ 12 ವೋಲ್ಟ್ ಕೊಡುವ ವೈರ್ ಹಲವು ಕಾರುಗಳ ಸ್ಟೀರಿಯೊ ಕಪ್ಲರ್‌ನಲ್ಲಿ ಇರುವುದಿಲ್ಲ, ‘ಎದ್ದೇಳು’ ಎಂಬ ಸಂದೇಶವೂ ಬಸ್‌ನಲ್ಲೇ ಬರುತ್ತದೆ. ಒಳ್ಳೆಯ ಬಾಕ್ಸ್ ಆ ಸಂದೇಶ ಓದಿ 12 ವೋಲ್ಟ್ ಹೊರಡಿಸುತ್ತದೆ. ಅದಿಲ್ಲದಾಗ ಸ್ಟೀರಿಯೊದ ಹಳದಿ (ಸದಾ ವಿದ್ಯುತ್ ಬೇಕಾದದ್ದು), ಕೆಂಪು (ಕೀಲಿ ತಿರುಗಿಸಿದಾಗ ಮಾತ್ರ ಬೇಕಾದದ್ದು) ಎರಡು ವೈರ್‌ಗಳನ್ನೂ ಸೇರಿಸಿ ಬ್ಯಾಟರಿಗೆ ಕಟ್ಟಿಬಿಡುವ ಫಿಟ್ಟರ್‌ಗಳಿದ್ದಾರೆ. ನಿಂತ ಕಾರಿನಲ್ಲೂ ಸ್ಟೀರಿಯೊ ಎಚ್ಚರವಾಗಿರುತ್ತದೆ, ಬ್ಯಾಟರಿ ಬರಿದಾಗುತ್ತದೆ.

ಜೋಡಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರಿನ ಮೂಲ ವೈರ್‌ಗಳನ್ನು ಕತ್ತರಿಸಲು ಬಿಡಬೇಡಿ, ಕತ್ತರಿಸದೆ ಜೋಡಿಸಲು ನಿಮ್ಮ ಮಾದರಿಯ ಹಾರ್ನೆಸ್ (ಕಪ್ಲರ್ ಇರುವ ಸಿದ್ಧ ವೈರ್‌ಗಳ ಕಟ್ಟು) ಸಿಗುತ್ತದೆ. ಸ್ಪೀಕರ್‌ನ ನೆಗೆಟಿವ್ ವೈರ್ ಅನ್ನು ಅರ್ತ್‌ಗೆ ಸೇರಿಸಬಾರದು. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಸ್ಟೀರಿಯೊ ಬದಲಿಸಲು ಸ್ಟೀರಿಂಗ್ ಚಕ್ರ ಬಿಚ್ಚುವ ಅಗತ್ಯವಿಲ್ಲ. ಬಟನ್‌ನ ವೈರ್‌ಗಳೂ ಏರ್‌ಬ್ಯಾಗ್‌ನ ವೈರ್‌ಗಳೂ ಚಕ್ರದ ಹಿಂದಿನ ಸುರುಳಿ ಕೇಬಲ್‌ನಲ್ಲೇ ಹಾದುಹೋಗುತ್ತವೆ. ಹಳದಿ ಬಣ್ಣದ ಏರ್‌ಬ್ಯಾಗ್ ಕಪ್ಲರ್‌ಗೆ ಮೀಟರ್ ಹಿಡಿಯುವುದೂ ಅಪಾಯ. ಯಾರಾದರೂ ಚಕ್ರ ಬಿಚ್ಚಿ ನೋಡೋಣ ಎಂದರೆ ಕೀಲಿ ವಾಪಸು ತೆಗೆದುಕೊಂಡು ಬನ್ನಿ.

ಬಟನ್‌ಗಳನ್ನು ಕಲಿಸುವ ಹಂತಕ್ಕೆ ತಾಳ್ಮೆ ಬೇಕು. ಕೀ ವೈರ್ ಜೋಡಿಸುವ ಮೊದಲು ಇಗ್ನಿಷನ್ ಹಾಗೂ ಹೆಡ್‌ಲೈಟ್ ಹಾಕಿ, ಕಾರಿನ ಕಡೆಯಿಂದ ಬರುವ ಆ ವೈರ್‌ನಲ್ಲಿ 12 ವೋಲ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಬಟನ್‌ಗಳ ಒಳದೀಪದ ವೈರ್ ಪಕ್ಕದಲ್ಲೇ ಇರಬಹುದು, ಅದನ್ನು ಕೀ 1ಕ್ಕೆ ಕೊಟ್ಟರೆ ಸ್ಟೀರಿಯೊದ ಆ ಭಾಗ ಸುಡಬಹುದು. ಕಲಿಸಿದ ಮೇಲೆ ಧ್ವನಿಯ ಬಟನ್ ಒತ್ತಿದರೆ ಹಾಡು ಬದಲಾಗುವುದು, ಬಿಸಿಲಲ್ಲಿ ಒಂದು ಥರ, ಬೆಳಿಗ್ಗೆ ಇನ್ನೊಂದು ಥರ ವರ್ತಿಸುವುದು ಸಾಮಾನ್ಯ ದೂರು. ಹೆಚ್ಚಾಗಿ ಕಾರಣ ಅರ್ತ್‌ನಲ್ಲಿರುತ್ತದೆ. ಬಟನ್‌ಗಳಿಗೆ ಪ್ರತ್ಯೇಕ ಅರ್ತ್ ವೈರ್ ಇದ್ದರೆ ಅದನ್ನು ಸ್ಟೀರಿಯೊದ ಅರ್ತ್‌ಗೇ ಸೇರಿಸಿ, ಹತ್ತಿರದ ಯಾವುದೋ ಸ್ಕ್ರೂಗೆ ಕಟ್ಟಬೇಡಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಬೆಸುಗೆ ಹಾಕಿಸಿ. ಆಮೇಲೆ ಎಂಜಿನ್ ಚಾಲೂ ಇಟ್ಟು ಮೊದಲಿನಿಂದ ಕಲಿಸಿ. ಆಗಲೂ ಎರಡು ಬಟನ್‌ಗಳು ಕಲಸಿಕೊಂಡರೆ ಬರೆದಿಟ್ಟ ಅಂಕಿಗಳನ್ನು ನೋಡಿ: ಎರಡರ ಓಮ್ ತೀರ ಹತ್ತಿರವಿದ್ದರೆ ಒಂದನ್ನು ಬಿಟ್ಟುಬಿಡುವುದೇ ಲೇಸು. ಒಂದು ಬದಿಯ ಬಟನ್‌ಗಳಷ್ಟೇ ಕೆಲಸ ಮಾಡಿದರೆ ಇನ್ನೊಂದು ಬದಿಯ ವೈರ್ ಕೀ 2ಕ್ಕೆ ಸೇರಿಲ್ಲವೆಂದು ಅರ್ಥ. ಫೋನ್ ಬಟನ್‌ಗಳು ಸಾಮಾನ್ಯವಾಗಿ ಹೀಗೆ ಹೊರಗುಳಿಯುತ್ತವೆ.

ಕೆಲವು ನಷ್ಟಗಳನ್ನು ಒಪ್ಪಿಕೊಳ್ಳಬೇಕಾಗಬಹುದು. ಮೀಟರ್ ಫಲಕದಲ್ಲಿ ಹಾಡಿನ ಹೆಸರು ಬರುತ್ತಿದ್ದರೆ ಅದು ನಿಲ್ಲಬಹುದು. ಸಂಕೇತವನ್ನು ಬೆಳಕಾಗಿ ಸಾಗಿಸುವ ಮೋಸ್ಟ್ ಎಂಬ ಫೈಬರ್ ವರ್ತುಲದಲ್ಲಿ ಸ್ಟೀರಿಯೊ, ಆಂಪ್ಲಿಫೈಯರ್‌ಗಳನ್ನು ಜೋಡಿಸಿದ ದುಬಾರಿ ಕಾರಾದರೆ ಹಳೆಯ ಸ್ಟೀರಿಯೊ ತೆಗೆದೊಡನೆ ವರ್ತುಲವೇ ತುಂಡಾಗುತ್ತದೆ, ಅಂಥದ್ದಕ್ಕೆ ಕೈ ಹಾಕದಿರುವುದು ವಾಸಿ. ಕಾರಿನ ವೇಗವನ್ನು ಒಂದೇ ಸಮ ಹಿಡಿದಿಡುವ ಕ್ರೂಸ್ ಕಂಟ್ರೋಲ್‌ಗೆ ಸಾಮಾನ್ಯವಾಗಿ ಸ್ಟೀರಿಯೊದ ಹಂಗಿಲ್ಲ. ಸ್ಟೀರಿಂಗ್‌ಗೆ ಪಟ್ಟಿ ಕಟ್ಟಿ ಕೂರಿಸುವ ವೈರ್‌ಲೆಸ್ ರಿಮೋಟ್ ತೋರಿಸಿದರೆ ಬೇಡವೆನ್ನಿ. ಕಾರಿನಲ್ಲೇ ಬಟನ್ ಇರುವಾಗ, ಜಾರಿ ಪೆಡಲ್ ಕೆಳಗೆ ಸೇರಬಲ್ಲ ಇನ್ನೊಂದು ವಸ್ತು ಏಕೆ?

ಫಲಕ ಮುಚ್ಚುವ ಮೊದಲು ರಿವರ್ಸ್ ಕ್ಯಾಮೆರಾ, ನಾಲ್ಕೂ ಸ್ಪೀಕರ್, ಪ್ರತಿ ಬಟನ್ ಪರೀಕ್ಷಿಸಿ. ಆಮೇಲೆ ಕಾರು ಲಾಕ್ ಮಾಡಿ, ಅದರ ಕಂಪ್ಯೂಟರ್‌ಗಳು ಮಲಗುವಷ್ಟು ಹೊತ್ತು ಬಿಟ್ಟು, ಬ್ಯಾಟರಿಯಿಂದ ಹರಿಯುವ ಕರೆಂಟ್ ಅಳೆಯಲು ಹೇಳಿ. 50 ಮಿಲಿಆಂಪಿಯರ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೆಚ್ಚಿದ್ದರೆ ಕ್ಯಾನ್ ಬಾಕ್ಸ್‌ನ ಕಪ್ಲರ್ ಕಳಚಿ ಮತ್ತೆ ಅಳೆಯಲಿ. ಆಗ ಇಳಿದರೆ ಬಾಕ್ಸ್ ಬದಲಿಸಿಕೊಡಲು ಕೇಳಿ.