ಉಪ್ಪುನೀರಿನ ಟ್ಯಾಂಕಿನಲ್ಲಿ ಕಚ್ಚೋ ಮೀನುಗಳಿವೆ, ಕ್ಲೀನ್ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಿದ್ದು ಇಷ್ಟು: ಸೋಮವಾರಪೇಟೆಯ ಮನೆಯಲ್ಲಿ ನಾಲ್ಕು ಅಡಿಯ ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿ ಒಂದು ಕ್ಲೌನ್ ಟ್ರಿಗರ್ (ಗಟ್ಟಿ ಹಲ್ಲಿನ ಮೀನು), ಒಂದು ಲಯನ್ ಫಿಶ್ (ವಿಷದ ಮುಳ್ಳಿನ ಮೀನು), ಮೂರು ಡ್ಯಾಮ್ಸೆಲ್ (ಸಣ್ಣ ಮೀನು). ಹದಿನೈದು ದಿನಕ್ಕೊಮ್ಮೆ ಮೀನುಗಳನ್ನೆಲ್ಲ ಬಕೆಟ್ಟಿಗೆ ಹಾಕಿ, ಕಲ್ಲು, ಮರಳು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿ ನೀರಿನಲ್ಲಿ ತೊಳೆದು ಹೊಸ ನೀರು ತುಂಬುತ್ತೀರಿ. ಆದರೂ ಎರಡು ದಿನಕ್ಕೆ ನೀರು ಹಾಲಿನ ಹಾಗೆ ಕದಡುತ್ತೆ, ಮೀನುಗಳು ಕಿತ್ತಾಡುತ್ತವೆ, ಕೈ ಹಾಕಿದರೆ ಟ್ರಿಗರ್ ಕಚ್ಚೋಕೆ ಬರುತ್ತೆ.

ನಾನು ಮಡಿಕೇರಿಯವನು, ಇಂಥದೇ ಮೀನುಗಳನ್ನು ಕೆಲವು ವರ್ಷದಿಂದ ಸಾಕ್ತಾ ಇದ್ದೀನಿ. ನಿಮ್ಮ ಮೂರೂ ತೊಂದರೆಯ ಬೇರು ಒಂದೇ, ಆ ಹದಿನೈದು ದಿನದ ತೊಳೆಯೋ ಕೆಲಸ. ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ. ಪಾತ್ರೆ ತೊಳೆದ ಹಾಗೆ ಟ್ಯಾಂಕ್ ತೊಳೆಯೋಕೆ ಆಗಲ್ಲ.

ಮೀನು ಹೊರಹಾಕೋದು, ತಿನ್ನದೆ ಬಿಟ್ಟಿದ್ದು ಎಲ್ಲ ಸೇರಿ ಅಮೋನಿಯಾ ಆಗುತ್ತೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ಅದನ್ನೂ ನೈಟ್ರೇಟ್ ಮಾಡುತ್ತೆ. ಮೊದಲೆರಡು ವಿಷ, ಮೂರನೆಯದನ್ನು ಒಂದು ಮಟ್ಟದವರೆಗೆ ಮೀನು ತಡೆದುಕೊಳ್ಳುತ್ತೆ. ಈ ಬ್ಯಾಕ್ಟೀರಿಯಾ ಬದುಕೋದು ಹೆಚ್ಚಾಗಿ ಕಲ್ಲು, ಮರಳು, ಸ್ಪಂಜಿನ ಮೈಮೇಲೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆ ನಿಲ್ಲೋಕೆ ನಾಲ್ಕರಿಂದ ಆರು ವಾರ ಬೇಕು. ನೀವು ಎರಡು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಉಜ್ಜಿ ಅವನ್ನು ಕೊಲ್ತಾ ಇದ್ದೀರಿ. ಟ್ಯಾಂಕ್ ಹಳೇದಾಗೋಕೆ ಅವಕಾಶವೇ ಸಿಕ್ಕಿಲ್ಲ. ಆ ಬೆಳ್ಳನೆ ಕದಡು ಕೊಳೆ ಅಲ್ಲ, ಹಿಡಿತ ತಪ್ಪಿದ ನೀರಿನಲ್ಲಿ ಬೇರೆ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿದ್ದು.

ಜಗಳಕ್ಕೂ ಇದೇ ಕಾರಣ. ಟ್ರಿಗರ್ ಆಗಲಿ, ಡ್ಯಾಮ್ಸೆಲ್ ಆಗಲಿ, ಒಂದೊಂದು ಕಲ್ಲಿನ ಸಂದನ್ನೂ ತನ್ನ ಮನೆ ಅಂತ ಗುರುತಿಟ್ಟುಕೊಳ್ಳುತ್ತೆ. ಹೊಸ ಮೀನು ಬಿಡುವಾಗ ನಾವು ಬೇಕೆಂದೇ ಕಲ್ಲುಗಳನ್ನು ಆಚೀಚೆ ಮಾಡ್ತೀವಿ, ಹಳೇ ಯಜಮಾನನ ಗಡಿ ಕಲಸಿಹೋಗಲಿ ಅಂತ. ನೀವು ಹದಿನೈದು ದಿನಕ್ಕೊಮ್ಮೆ ಎಲ್ಲರ ಗಡಿಯನ್ನೂ ಕಿತ್ತು ಹಾಕ್ತೀರಿ. ಅವು ಪ್ರತಿ ಸಲ ಮೊದಲಿನಿಂದ ಹೊಡೆದಾಡಿ ಜಾಗ ಹಂಚಿಕೊಳ್ಳಬೇಕು.

ಮಾಡಬೇಕಾದ್ದು ಇದು. ಕಲ್ಲು ಇದ್ದಲ್ಲೇ ಇರಲಿ, ಮೀನು ನೀರಲ್ಲೇ ಇರಲಿ. ಎರಡು ವಾರಕ್ಕೊಮ್ಮೆ ಶೇ 15–20ರಷ್ಟು ನೀರು ಮಾತ್ರ ಬದಲಿಸಿ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಟ್ಯಾಂಕಿಗೆ ಸುಮಾರು 250 ಲೀಟರ್ ಹಿಡಿಯುತ್ತೆ, ಕಲ್ಲು ಮರಳು ಕಳೆದರೆ 200ರ ಆಸುಪಾಸು. ಅಂದರೆ 40 ಲೀಟರ್, ಎರಡು ದೊಡ್ಡ ಬಕೆಟ್. ಹೊಸ ನೀರನ್ನು ಹಿಂದಿನ ದಿನವೇ ಕಲಸಿಡಿ. ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು ಹಾಕಿ, ಒಂದು ಸಣ್ಣ ಪಂಪ್ ಬಿಟ್ಟು ರಾತ್ರಿಯಿಡೀ ತಿರುಗಿಸಿ, ಬೆಳಗ್ಗೆ ರಿಫ್ರಾಕ್ಟೋಮೀಟರಿನಲ್ಲಿ (ಉಪ್ಪಿನಂಶ ಅಳೆಯೋ ಸಾಧನ) ಸಾಪೇಕ್ಷ ಸಾಂದ್ರತೆ 1.023ರಿಂದ 1.025ರ ಒಳಗೆ ಬಂದಿದೆಯಾ ನೋಡಿ. ಬಿಸಿಯೂ ಟ್ಯಾಂಕಿನಷ್ಟೇ ಇರಲಿ, 25–26 ಡಿಗ್ರಿ. ಅಡುಗೆಯ ಕಲ್ಲುಪ್ಪು ಬೇಡ, ಅದರಲ್ಲಿ ಸಮುದ್ರದ ನೀರಿನಲ್ಲಿರೋ ಮೆಗ್ನೀಸಿಯಂ, ಕ್ಯಾಲ್ಸಿಯಂ ಆ ಪ್ರಮಾಣದಲ್ಲಿ ಇರಲ್ಲ. ಸಂಪಾಜೆ ಘಾಟಿ ಇಳಿದು ಮಂಗಳೂರಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರೋರು ಇದ್ದಾರೆ, ನಾನು ತರಲ್ಲ. ದಡದ ನೀರಿನಲ್ಲಿ ಬಂದರಿನ ಎಣ್ಣೆ ಇರಬಹುದು, ಮಳೆಗಾಲದಲ್ಲಂತೂ ನದಿಯ ಕೆಂಪು ನೀರು ಸೇರಿ ಉಪ್ಪಿನಂಶವೇ ಕಡಿಮೆ ಆಗಿರುತ್ತೆ. ಇನ್ನು ದಿನಾ ಆವಿಯಾಗಿ ಇಳಿದ ಮಟ್ಟಕ್ಕೆ ಸಿಹಿನೀರನ್ನೇ ತುಂಬಿ. ಉಪ್ಪು ಆವಿಯಾಗಲ್ಲ. ಉಪ್ಪುನೀರು ತುಂಬಿದರೆ ವಾರದಿಂದ ವಾರಕ್ಕೆ ಉಪ್ಪಿನಂಶ ಏರುತ್ತಾ ಹೋಗುತ್ತೆ.

ಸಿಹಿನೀರಿನ ವಿಷಯದಲ್ಲಿ ನಮ್ಮ ಕೊಡಗಿನವರು ಒಂದು ಕಡೆ ಬಹಳ ಹುಷಾರಾಗಿರಬೇಕು. ಕಾಫಿಗೆ, ಮೆಣಸಿಗೆ ರೋಗ ಬರದಿರಲಿ ಅಂತ ಬೋರ್ಡೋ ದ್ರಾವಣ ಹೊಡೀತೀವಲ್ಲ, ಅದರಲ್ಲಿ ಇರೋದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಶೇ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಬಸವನಹುಳು, ಸನ್ಯಾಸಿ ಏಡಿ, ಸಿಗಡಿ ಇಂಥವಕ್ಕೆ ತಾಮ್ರ ಚೂರೇ ಚೂರಿದ್ದರೂ ಸಾವು. ಮೀನು ಸ್ವಲ್ಪ ತಡೆದರೂ ಕಲ್ಲು ಅದನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ನೀರಿಗೆ ಬಿಡ್ತಾ ಇರುತ್ತೆ. ನನ್ನ ಹಳೇ ಟ್ಯಾಂಕಿನಲ್ಲಿ ಹನ್ನೊಂದು ಬಸವನಹುಳು ಒಂದೇ ರಾತ್ರಿ ಗಾಜಿನಿಂದ ಕೆಳಗೆ ಬಿದ್ದು ಸತ್ತವು. ಹುಡುಕ್ತಾ ಹೋದರೆ, ನೀರು ತುಂಬಿಸಿದ್ದ ನೀಲಿ ಡ್ರಮ್ ಎರಡು ವರ್ಷದ ಹಿಂದೆ ತೋಟದಲ್ಲಿ ಬೋರ್ಡೋ ಕಲಸಿದ್ದು. ತೊಳೆದು ಒಣಗಿಸಿ ಇಟ್ಟಿದ್ದ ಡ್ರಮ್ಮೇ ಅದು. ಬೆಳಕಿಗೆ ಹಿಡಿದಾಗ ತಳದ ಅಂಚಿನಲ್ಲಿ ಉಗುರಿನಷ್ಟು ಅಗಲ ತಿಳಿನೀಲಿ ಪುಡಿ ಅಂಟಿಕೊಂಡಿತ್ತು. ಅಲ್ಲಿಂದ ಮೀನಿನ ಬಕೆಟ್, ಡ್ರಮ್, ಮಗ್ ಎಲ್ಲ ಬೇರೆ, ಮೇಲೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೀನಿ. ಮುಚ್ಚಳ ಇಲ್ಲದ ಸಂಪಿನ ನೀರು, ಹೆಂಚಿನಿಂದ ಇಳಿದ ಮಳೆನೀರು ನೇರ ಹಾಕಬೇಡಿ. ಆರ್‌ಒ ನೀರಿಗೆ ಕೊನೆಯಲ್ಲಿ ಒಂದು ಡಿಐ ಕಾರ್ಟ್ರಿಡ್ಜ್ (ಉಳಿದ ಲವಣ ಹಿಡಿದಿಡೋ ಫಿಲ್ಟರ್) ಕೂಡಿಸಿ ಟಿಡಿಎಸ್, ಅಂದರೆ ಕರಗಿದ ಲವಣಾಂಶ, ಸೊನ್ನೆ ಬರೋ ಹಾಗೆ ಮಾಡಿಕೊಂಡರೆ ಈ ಚಿಂತೆ ಇರಲ್ಲ.

ಈಗ ಕೈ ಹಾಕೋ ವಿಷಯ. ನಾನು ಗಾಜಿನ ಅಂಗಡಿಯಲ್ಲಿ ಟ್ಯಾಂಕಿನ ಅಗಲಕ್ಕೆ ಸರಿಯಾಗಿ ಒಂದು ಅಕ್ರಿಲಿಕ್ ಹಾಳೆ ಕತ್ತರಿಸಿಕೊಂಡು, ನೀರು ಆಡಲಿ ಅಂತ ತುಂಬಾ ತೂತು ಕೊರೆಸಿದ್ದೀನಿ. ಕ್ಲೀನ್ ಮಾಡೋ ದಿನ ಮೊದಲು ಹೀಟರ್, ಪಂಪ್ ಎಲ್ಲದರ ಪ್ಲಗ್ ತೆಗೀತೀನಿ. ಹೀಟರ್ ಹತ್ತು ನಿಮಿಷ ಆರಬೇಕು, ಇಲ್ಲದಿದ್ದರೆ ನೀರು ಇಳಿದಾಗ ಹೀಟರಿನ ಗಾಜು ಸೀಳುತ್ತೆ. ಆಮೇಲೆ ಇಕ್ಕಳದಲ್ಲಿ ಒಂದು ತುಂಡು ಸಿಗಡಿ ಎಡಮೂಲೆಗೆ ಹಿಡೀತೀನಿ. ಟ್ರಿಗರ್ ಅಲ್ಲಿಗೆ ಬಂದ ಕೂಡಲೇ ಹಾಳೆ ಇಳಿಸ್ತೀನಿ. ಬಲಭಾಗದ ಕೆಲಸ ಮುಗಿದ ಮೇಲೆ ಅದೇ ರೀತಿ ಆ ಕಡೆ ಕರೆದು ಎಡಭಾಗ. ಒಳಗಿನ ಪಾಚಿಗೆ ಮ್ಯಾಗ್ನೆಟ್ ಉಜ್ಜುಗ ಸಾಕು, ಕೈ ನೀರಿಗೆ ಇಳಿಯೋದೇ ಬೇಡ. ಮ್ಯಾಗ್ನೆಟ್ಟಿನ ಕೆಳಗೆ ಒಂದು ಮರಳಿನ ಕಾಳು ಸಿಕ್ಕರೂ ಗಾಜಿಗೆ ಗೀರು ಬೀಳುತ್ತೆ, ತಳದಿಂದ ಎರಡು ಬೆರಳು ಮೇಲೇ ನಿಲ್ಲಿಸಿ. ಮರಳಿನ ಮೇಲಿನ ಕಸವನ್ನು ಪೈಪಿನಲ್ಲಿ ಎಳೀರಿ, ಬಾಯಿಂದ ಅಲ್ಲ, ಕೈಯಲ್ಲಿ ಒತ್ತೋ ಬಲ್ಬಿನ ಪೈಪ್ ತಗೊಳ್ಳಿ. ಒಂದು ಸಲಕ್ಕೆ ಮರಳಿನ ಮೂರನೇ ಒಂದು ಭಾಗ, ಅದೂ ಮೇಲಿನ ಪದರ ಮಾತ್ರ. ಸ್ಪಂಜನ್ನು ಹಾಗೆ ತೆಗೆದ ಉಪ್ಪುನೀರಿನಲ್ಲೇ ಅಲ್ಲಾಡಿಸಿ ಹಿಂಡಿ ಹಾಕಿ. ಸೋಪು ಎಲ್ಲೂ ಮುಟ್ಟಬಾರದು. ಪಂಪಿನ ಮೇಲೆ ಕಟ್ಟೋ ಬಿಳಿ ಗಟ್ಟಿಗೆ ವಿನೆಗರಿನಲ್ಲಿ ನೆನೆಸಿಟ್ಟು ತೊಳೆದರೆ ಆಯ್ತು.

ಕೈ ಇಳಿಸಲೇಬೇಕಾಗಿ ಬಂದಾಗ ಮನೆಯಲ್ಲಿ ನಮ್ಮದೊಂದು ನಿಯಮ ಇದೆ. ಮಗಳು ಟಾರ್ಚ್ ಹಿಡಿದು ಗಾಜಿನ ಮುಂದೆ ಕೂರ್ತಾಳೆ. ಅವಳು "ಅಪ್ಪ, ಇಲ್ಲಿದೆ" ಅಂತ ಲಯನ್ ಫಿಶ್ ತೋರಿಸೋವರೆಗೆ ನಾನು ಕೈ ಹಾಕಲ್ಲ. ಅದು ಹಗಲಲ್ಲಿ ಕಲ್ಲಿನ ನೆರಳಿನಲ್ಲಿ ತಲೆಕೆಳಗಾಗಿ ಅಲ್ಲಾಡದೆ ನಿಂತಿರುತ್ತೆ, ಒಣಗಿದ ಎಲೆ ಅಂತಲೇ ಅನ್ನಿಸುತ್ತೆ. ಅಗಲವಾದ ರೆಕ್ಕೆಯಲ್ಲಿ ವಿಷ ಇಲ್ಲ. ವಿಷ ಇರೋದು ಬೆನ್ನಿನ 13 ಮುಳ್ಳಿನಲ್ಲಿ, ಹೊಟ್ಟೆಯ ಕೆಳಗಿನ ಕೆಲವು ಮುಳ್ಳಿನಲ್ಲಿ. ಬಲೆಯಲ್ಲಿ ಹಿಡಿದರೆ ಮುಳ್ಳು ಸಿಕ್ಕಿಕೊಳ್ಳುತ್ತೆ, ಬಿಡಿಸೋಕೆ ಹೋದ ಕೈಗೇ ಚುಚ್ಚುತ್ತೆ. ನನಗೆ ಹಾಗೇ ಆಯ್ತು, ಬಲಗೈ ತೋರುಬೆರಳಿಗೆ. ಮೊಣಕೈವರೆಗೆ ಉರಿ ಏರಿ ಕೂರೋಕೂ ಆಗಲಿಲ್ಲ. ಬಚ್ಚಲ ಹಂಡೆಯಲ್ಲಿ ಬಿಸಿನೀರು ಇದ್ದದ್ದು ಪುಣ್ಯ. ಆ ವಿಷ ಪ್ರೋಟೀನ್, ಬಿಸಿಗೆ ಕೆಡುತ್ತೆ. ತಡೆಯೋಕೆ ಆಗೋಷ್ಟು ಬಿಸಿ, 45 ಡಿಗ್ರಿ ಮೀರದ ಹಾಗೆ, 30ರಿಂದ 90 ನಿಮಿಷ ಮುಳುಗಿಸಿಡಬೇಕು. ಬಿಸಿಯನ್ನು ಚುಚ್ಚಿಸಿಕೊಳ್ಳದ ಕೈಯಿಂದ ಮುಟ್ಟಿ ನೋಡಿ, ನೋವಿನ ಕೈಗೆ ಸುಟ್ಟದ್ದು ಗೊತ್ತಾಗಲ್ಲ. ಆಮೇಲೆ ಡಾಕ್ಟರ ಹತ್ತಿರ ಹೋಗಿ. ಉಸಿರು ಕಟ್ಟಿದರೆ, ತಲೆಸುತ್ತಿದರೆ ಬಿಸಿನೀರಿಗೆ ಕಾಯದೆ ನೇರ ಆಸ್ಪತ್ರೆಗೆ. ಇದನ್ನು ಹಿಡಿಯೋಕೆ ಬಲೆಯ ಬದಲು ಪ್ಲಾಸ್ಟಿಕ್ ಡಬ್ಬಿ ಬಳಸಿ, ನೀರು ಸಮೇತ ಒಳಗೆ ಓಡಿಸಿ.

ಮೆಣಸು ಕೊಯ್ದು ಕೈ ಗೀರಿದ್ದರೆ, ಬೆರಳು ಬಿರಿದಿದ್ದರೆ ಆ ದಿನ ಉದ್ದ ಗ್ಲೌಸ್ ಹಾಕಿ. ಅಕ್ವೇರಿಯಂ ನೀರಿನಿಂದ ಗಾಯಕ್ಕೆ ಒಂದು ಸೋಂಕು ಬರುತ್ತೆ, ವಾರಗಟ್ಟಲೆ ಆರದ ಗಂಟಾಗಿ ನಿಲ್ಲುತ್ತೆ. ಹಾಗಾದರೆ ಮನೆಯಲ್ಲಿ ಮೀನಿನ ಟ್ಯಾಂಕ್ ಇದೆ ಅಂತ ಡಾಕ್ಟರಿಗೆ ಹೇಳಲೇಬೇಕು.

ಟ್ರಿಗರಿನ ಬುದ್ಧಿ ಬೇರೆ. ಎರಡು ಕಣ್ಣನ್ನೂ ಬೇರೆ ಬೇರೆ ಕಡೆ ಹೊರಳಿಸಿ ನಿಮ್ಮನ್ನೂ ಇಕ್ಕಳವನ್ನೂ ಒಟ್ಟಿಗೆ ನೋಡುತ್ತೆ. ಕಲ್ಲಿನ ಚೂರು ಕಚ್ಚಿ ತಂದು ಗಾಜಿನ ಹತ್ತಿರ ಬೀಳಿಸುತ್ತೆ, ರಾತ್ರಿ ಟಕ್ ಅಂತ ಕೇಳಿಸಿದರೆ ಅದೇ. ಮರಳು ಅಗೆಯೋ ಚಟ ಇರೋದರಿಂದ ದೊಡ್ಡ ಕಲ್ಲು ಮರಳಿನ ಮೇಲೆ ಕೂರಬಾರದು, ತಳದ ಗಾಜಿನ ಮೇಲೇ ಪ್ಲಾಸ್ಟಿಕ್ ಜಾಲರಿ ಹಾಕಿ ಕೂರಿಸಿ. ಹೀಟರಿನ ವೈರ್ ಕಚ್ಚುತ್ತೆ, ತೂತು ಕೊರೆದ ಪಿವಿಸಿ ಪೈಪಿನೊಳಗೆ ಹೀಟರ್ ಇಡಿ, ಮನೆಯ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಹೆದರಿದಾಗ ಸಂದಿಗೆ ನುಗ್ಗಿ ಬೆನ್ನಿನ ಮೊದಲ ಮುಳ್ಳು ನಿಲ್ಲಿಸಿ ಬೀಗ ಹಾಕಿಕೊಳ್ಳುತ್ತೆ. ಆಗ ಎಳೆಯಬೇಡಿ, ದೀಪ ಆರಿಸಿ ಬಿಟ್ಟುಬಿಡಿ, ತಾನೇ ಬರುತ್ತೆ.

ನೀರು ಕೆಡೋದು ಹೆಚ್ಚಾಗಿ ತಿಂಡಿಯಿಂದ. ಸಂತೆಯ ಮೀನಿನ ಅಂಗಡಿಯಲ್ಲಿ ಸಿಗೋ ಸಿಗಡಿ, ಬೊಂಡಾಸ್ (ಸ್ಕ್ವಿಡ್) ತಂದು ತುಂಡು ಮಾಡಿ ಫ್ರೀಜರಿನಲ್ಲಿಟ್ಟರೆ ತಿಂಗಳು ಬರುತ್ತೆ. ಟ್ರಿಗರಿಗೆ ವಾರದಲ್ಲಿ ಒಂದೆರಡು ಸಲ ಸಿಪ್ಪೆ ಸಮೇತ ಕೊಡಿ, ಅದರ ಹಲ್ಲು ಬೆಳೀತಾನೇ ಇರುತ್ತೆ, ಸವೆಯಬೇಕು. ಲಯನ್ ಫಿಶ್‌ಗೆ ವಾರಕ್ಕೆ ಮೂರು ಸಲ ಸಾಕು. ತೋಡಿನ ಸಣ್ಣ ಮೀನು ಜೀವಂತ ಬಿಡೋ ಅಭ್ಯಾಸ ಬೇಡ, ರೋಗವೂ ಬರುತ್ತೆ, ಸಮುದ್ರದ ಮೀನಿಗೆ ಬೇಕಾದ ಕೊಬ್ಬೂ ಅದರಲ್ಲಿಲ್ಲ. ಹತ್ತು ನಿಮಿಷದಲ್ಲಿ ತಿನ್ನದ್ದನ್ನು ಇಕ್ಕಳದಲ್ಲಿ ತೆಗೀರಿ. ಪ್ರೋಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯೋ ಯಂತ್ರ) ಇದ್ದರೆ ಅದರ ಕಪ್ ವಾರಕ್ಕೆರಡು ಸಲ ತೊಳೀರಿ, ಕುತ್ತಿಗೆಗೆ ಜಿಡ್ಡು ಹಿಡಿದರೆ ನೊರೆ ಏರಲ್ಲ.

ಮಳೆಗಾಲದ ಮಾತು ಹೇಳದೆ ಇರೋಕಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟ್ ಹೋದರೆ ಒಂದು ದಿನ, ಎರಡು ದಿನ ಬರಲ್ಲ ಅನ್ನೋದು ನಿಮಗೂ ಗೊತ್ತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಇಷ್ಟು ಎತ್ತರದಲ್ಲಿ ನೀರು ಹಿಡಿದಿಟ್ಟುಕೊಳ್ಳೋ ಆಮ್ಲಜನಕ ಕರಾವಳಿಗಿಂತ ಶೇ 12ರಷ್ಟು ಕಡಿಮೆ, ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಮೊದಲೇ ಕಡಿಮೆ. ದಪ್ಪ ಮೀನುಗಳಿಗೆ ಪಂಪ್ ನಿಂತ ಕೆಲವೇ ಗಂಟೆಯಲ್ಲಿ ಉಸಿರು ಕಷ್ಟ ಆಗುತ್ತೆ. ಬ್ಯಾಟರಿಯ ಏರ್ ಪಂಪ್ ಎರಡು ಇಟ್ಟುಕೊಳ್ಳಿ, ಒಂದಲ್ಲ. ಆ ದಿನ ತಿಂಡಿ ಹಾಕಬೇಡಿ. ಟ್ಯಾಂಕಿನ ಮೂರು ಬದಿಗೂ ಕಂಬಳಿ ಸುತ್ತಿ, ಬಿಸಿ ನಿಧಾನಕ್ಕೆ ಇಳಿಯುತ್ತೆ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡೋ ಮುಚ್ಚಿದ ಡಬ್ಬಿಯ ಫಿಲ್ಟರ್) ಇದ್ದು ಗಂಟೆಗಟ್ಟಲೆ ನಿಂತಿದ್ದರೆ, ಕರೆಂಟ್ ಬಂದ ಮೇಲೆ ಅದರೊಳಗಿನ ನೀರು ಚೆಲ್ಲಿಯೇ ಶುರು ಮಾಡಿ, ಒಳಗೆ ಗಾಳಿ ಇಲ್ಲದೆ ಕೊಳೆತದ್ದು ನೇರ ಮೀನಿಗೆ ಹೋಗುತ್ತೆ. ಉಪ್ಪಿನ ಚೀಲವನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಇಲ್ಲಿನ ತೇವಕ್ಕೆ ಅದು ವಾರದಲ್ಲಿ ಕಲ್ಲಾಗುತ್ತೆ.

ತೆಗೆದ ಉಪ್ಪುನೀರನ್ನು ಹಿತ್ತಲಿನ ಗಿಡಕ್ಕೆ ಹಾಕಬೇಡಿ. ನಾನು ಗೊತ್ತಿಲ್ಲದೆ ಹಾಕಿ, ಅಪ್ಪ ನೆಟ್ಟಿದ್ದ ಕಿತ್ತಳೆ ಗಿಡ ಎಲೆ ಅಂಚಿನಿಂದ ಸುಟ್ಟು ಒಣಗಿಹೋಯ್ತು. ಬಚ್ಚಲಿನ ಪೈಪಿಗೆ ಬಿಡಿ. ಅಂಗಡಿಯವರು ಸಮುದ್ರದ ಹವಳದ ಕಲ್ಲು ಕೊಡ್ತೀನಿ ಅಂದರೂ ತಗೋಬೇಡಿ, ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಸೆರಾಮಿಕ್ ಕಲ್ಲಿನಲ್ಲೂ ಬ್ಯಾಕ್ಟೀರಿಯಾ ಚೆನ್ನಾಗಿ ಕೂರುತ್ತೆ.

ಇನ್ನೊಂದು ಮಾತು ನಿಮಗೆ ಬೇಸರ ತರಬಹುದು. ಕ್ಲೌನ್ ಟ್ರಿಗರ್ ಅರ್ಧ ಮೀಟರ್ ಬೆಳೆಯೋ ಮೀನು, ನಾಲ್ಕಡಿ ಅದಕ್ಕೆ ಸ್ವಲ್ಪ ಕಾಲ ಮಾತ್ರ. ಲಯನ್ ಫಿಶ್ ಜೊತೆ ಅದನ್ನು ಇಡೋದೂ ಸರಿಯಲ್ಲ, ಆ ಉದ್ದ ರೆಕ್ಕೆಗಳನ್ನು ಟ್ರಿಗರ್ ಒಂದು ದಿನ ಕಚ್ಚಿ ಹರಿಯುತ್ತೆ. ಎರಡರಲ್ಲಿ ಒಂದನ್ನು ಬೇರೆ ಟ್ಯಾಂಕಿಗೆ ಕೊಡಿ. ನನ್ನನ್ನು ಕೇಳಿದರೆ ಲಯನ್ ಫಿಶ್ ಇಟ್ಟುಕೊಳ್ಳಿ ಅಂತೀನಿ, ಡ್ಯಾಮ್ಸೆಲ್‌ಗಳನ್ನೂ ಕೊಟ್ಟುಬಿಡಿ, ಅದರ ಬಾಯಿಗೆ ಹಿಡಿಯೋ ಯಾವ ಮೀನೂ ಉಳಿಯಲ್ಲ.

ಈ ವಾರ ಏನೂ ತೊಳೆಯಬೇಡಿ. ದಿನಾ ಬೆಳಗ್ಗೆ ಅಮೋನಿಯಾ, ನೈಟ್ರೈಟ್ ಟೆಸ್ಟ್ ಮಾಡಿ, ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಅದೇ ದಿನ ಶೇ 20 ನೀರು ಬದಲಿಸಿ, ತಿಂಡಿ ಅರ್ಧ ಮಾಡಿ. ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ದಾಟದಿರಲಿ. ಏಳು ದಿನದ ರೀಡಿಂಗ್ ಬರೆದು ಕಳಿಸಿ, ನಿಮ್ಮ ಫಿಲ್ಟರ್ ಯಾವುದು ಅಂತಲೂ ಹೇಳಿ, ಅದನ್ನು ನೋಡಿಕೊಂಡು ಮುಂದಿನದು ಹೇಳ್ತೀನಿ.